ಹಮಾಮತ್ಸುವಿನಲ್ಲಿ ಪುಂಡಿ ಸೊಪ್ಪು ಬೆಳೆದದ್ದು

ಫಜೀತಿಗಳಿಗೆ ನನ್ನ ವಿಳಾಸ ಬಾಯಿಪಾಠ. ಸಮುದ್ರ ದಾಟಿ ಜಪಾನಿಗೆ ಬಂದರಾದರೂ ಬಿಟ್ಟಾವು ಅಂದುಕೊಂಡಿದ್ದೆ. ನನಗಿಂತ ಮೊದಲೇ ಬಂದು ಹಮಾಮತ್ಸುವಿನಲ್ಲಿ ಕಾಯುತ್ತಿದ್ದವು.

ಅಳಿಯಂದಿರು ಇಲ್ಲಿ ಬೈಕ್ ಕಂಪನಿಯಲ್ಲಿ ಇಂಜಿನಿಯರ್. ಮಗಳು ಬಸುರಿ. ಏನು ತಿಂದರೂ ವಾಂತಿ. ತೂಕ ಇಳೀತಾ ಇದೆ, ಹೀಗೇ ಆದರೆ ಆಸ್ಪತ್ರೆಗೆ ಸೇರಿಸಬೇಕು ಅಂತ ಡಾಕ್ಟರು ಹೇಳಿದ್ದರು. ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ: "ಅಪ್ಪಾ, ಪುಂಡಿ ಸೊಪ್ಪಿನ ಪಲ್ಯ ಆದ್ರೆ ಉಣ್ತೀನಿ." ಆ ಹುಳಿ ಸೊಪ್ಪು ಈ ದೇಶದಲ್ಲೆಲ್ಲಿ? ಯೋಕೋಹಾಮಾದಲ್ಲಿರುವ ಕನ್ನಡದ ಹೆಣ್ಣುಮಗಳೊಬ್ಬಳು ಬೀಜ ಕಳಿಸಿದಳು. ಬೆಳೆಸೋ ಭಾರ ನನ್ನದಾಯಿತು. ನಾನೇನು ಸಾಮಾನ್ಯನೇ? ಬಳ್ಳಾರಿ ಸೀಮೆಯಲ್ಲಿ ನಾನು ನೆಲಕ್ಕೆ ಊರಿದ ಕೋಲು ಮರುದಿನ ಚಿಗುರಿತ್ತು, ಅದರ ನೆರಳಲ್ಲಿ ಎಮ್ಮೆ ಕಟ್ಟಿದ್ದೆ.

ಹುಳಿಗೆ ಹುಳಿ

ಇಲ್ಲಿ ಮಣ್ಣನ್ನೂ ಚೀಲದಲ್ಲಿ ಮಾರುತ್ತಾರೆ. ಕನ್ನಡವನ್ನೇ ಕೂಡಿಸಿ ಕೂಡಿಸಿ ಓದೋನು ನಾನು, ಜಪಾನೀಸ್ ಎಲ್ಲಿಂದ ಬರಬೇಕು? ಚೆಂದದ ಹೂವಿನ ಚಿತ್ರವಿದ್ದ ಚೀಲ ಹೊತ್ತು ತಂದೆ. ಒಳಗಿನ ಮಣ್ಣು ಹಳದಿ ಕಾಳು ಕಾಳು, ಮಂಡಕ್ಕಿ ಹಂಗೆ ಹಗುರ. ಬಾಲ್ಕನಿಯ ಕುಂಡಗಳಲ್ಲಿ ಬೀಜ ಮೊಳೆತವು, ಎರಡೆಲೆ ಬಿಟ್ಟು ಅಲ್ಲೇ ನಿಂತವು. ಮಗಳು ಗಿಡ ನೋಡೋಳು, ಆಮೇಲೆ ನನ್ನ ಮುಖ ನೋಡೋಳು.

ಅಳಿಯಂದಿರು ಚೀಲದ ಮೇಲಿನದನ್ನು ಓದಿ ಹಣೆ ಹಿಡಿದುಕೊಂಡರು. "ಮಾವ, ಇದು ಆಸಿಡಿಕ್ ಸಾಯಿಲ್. ಹುಳಿ ಮಣ್ಣು. ಯಾವುದೋ ಹೂವಿನ ಗಿಡಕ್ಕೆ ಹಾಕೋದು."

"ಹುಳಿ ಸೊಪ್ಪಿಗೆ ಹುಳಿ ಮಣ್ಣಲ್ಲದೆ ಸಿಹಿ ಮಣ್ಣು ಹಾಕ್ತಾರೇನ್ರಿ?"

ಅವರು ಫೋನ್ ತೆಗೆದು ಏನೋ ಹುಡುಕತೊಡಗಿದರು. ಇಂಜಿನಿಯರಿಂಗಲ್ಲಿ ಆ ಪಾಠ ಇರಲಿಲ್ಲ ಅಂತ ಕಾಣುತ್ತದೆ.

ಫಸ್ಟ್ ಕ್ಲಾಸ್

ಮಣ್ಣಿಗೆ ಚುಚ್ಚೋ ಮೀಟರ್ ಒಂದು ಬಂತು. "ಪಿಎಚ್ ನಾಲ್ಕೂವರೆ ಇದೆ ಮಾವ, ಆರೂವರೆಗೆ ಬರಬೇಕು. ಚೂರು ಸುಣ್ಣ ಹಾಕಿದ್ರೆ ಏರುತ್ತೆ," ಅಂತ ಹೇಳಿ ಅಳಿಯಂದಿರು ಆಫೀಸಿಗೆ ಹೋದರು.

ಸುಣ್ಣಕ್ಕೇನು ಬರ? ನನ್ನ ಎಲೆಯಡಿಕೆ ಚೀಲದಲ್ಲಿತ್ತು. ಮಗಳು ಬೆಳಿಗ್ಗೆಯಿಂದ ಬಚ್ಚಲಿಗೂ ಹಾಸಿಗೆಗೂ ಓಡಾಡುತ್ತಿದ್ದಳು. ಚೂರು ಗೀರು ಅಂತ ಕೂರೋ ಹೊತ್ತೇ ಅದು? ಡಬ್ಬಿಯಷ್ಟನ್ನೂ ಕದಡಿ ಹುಯ್ದೆ.

ಸಂಜೆ ಅಳಿಯಂದಿರು ಮೀಟರ್ ಹಿಡಿದು ಸಣ್ಣ ದನಿಯಲ್ಲಿ, "ಒಂಬತ್ತು ಮಾವ," ಅಂದರು.

"ನೀವು ಆರೂವರೆ ಕೇಳಿದ್ರಿ, ನಾನು ಒಂಬತ್ತು ತೆಗೆಸಿದೀನಿ. ನನ್ನ ಮಕ್ಕಳು ಯಾರೂ ಇಂಥ ಮಾರ್ಕ್ಸ್ ತಂದಿರಲಿಲ್ಲ ಬಿಡ್ರಿ."

ಉದ್ದನೆ ಬಾಟಲಿ

ಎಲೆ ಅರಿಶಿನ ಬಳಿದಂಗಾದವು. ಈ ಸಲ ಆ ಒಂಬತ್ತನ್ನು ಇಳಿಸಬೇಕಂತೆ. "ನೀರಿಗೆ ವಿನಿಗರ್ ಹಾಕಿ ಮಾವ, ಬಕೆಟ್ಟಿಗೆ ಒಂದೇ ಮುಚ್ಚಳ. ಅಡುಗೆಮನೇಲಿ ಉದ್ದನೆ ಬಾಟಲಿ ಇದೆ." ಹೋಗಿ ನೋಡಿದರೆ ಅಲ್ಲಿದ್ದವೆಲ್ಲ ಉದ್ದನೆಯವೇ. ದೇವರ ಹೆಸರು ಹೇಳಿ ಒಂದನ್ನು ಎತ್ತಿಕೊಂಡೆ.

ಸಂಜೆ ಅಳಿಯಂದಿರು ಬಾಟಲಿ ಮೂಸಿ, "ಮಾವ, ಇದು ಸಾಕೆ," ಅಂದರು.

"ಸಾಲದು ಅನ್ನಿಸ್ತು. ಇನ್ನೆರಡು ಮುಚ್ಚಳ ಜಾಸ್ತಿನೇ ಹಾಕಿದೀನಿ."

"ಸಾಕೆ ಅಂದ್ರೆ ಇಲ್ಲಿಯ ಹೆಂಡ ಮಾವ."

ಗಿಡಗಳ ಕಡೆ ತಿರುಗಿದೆ. ಒಂದೂ ನೆಟ್ಟಗೆ ನಿಂತಿರಲಿಲ್ಲ.

ಅಸಾ

ಭಾನುವಾರ ಅಳಿಯಂದಿರೇ ಕೂತು ತರಕಾರಿ ಮಣ್ಣಿಗೆ ಗಿಡ ಬದಲಾಯಿಸಿದರು. ಆಮೇಲೆ ಪ್ರತಿ ಬಕೆಟ್ ನೀರನ್ನೂ ಅಳೆದೇ ಹಾಕಿದರು. ನನಗೆ ಮುಟ್ಟಬಾರದು ಅಂತ ಅಪ್ಪಣೆ. ಸರಿ, ಮುಟ್ಟದೆಯೇ ಬೆಳೆಸಿದೆ. ದಿನಾ ಕೂತು ದಿಟ್ಟಿಸಿದ್ದಕ್ಕೆ ಗಿಡ ಸೊಂಟದೆತ್ತರ ಬಂದವು, ಎಲೆ ಐದು ಬೆರಳು ಬಿಚ್ಚಿದವು.

ಒಂದು ಬೆಳಿಗ್ಗೆ ಪಕ್ಕದ ಬಾಲ್ಕನಿಯ ಜಪಾನೀ ಅಜ್ಜಿ ಗಿಡದ ಕಡೆ ಕೈ ತೋರಿಸಿ, "ಅಸಾ ದೆಸ್ ಕಾ?" ಅಂದರು. ಅಸಾ ಅಂದರೆ ಬೆಳಿಗ್ಗೆ, ಹಾಯ್ ಅಂದರೆ ಹೌದು ಅಂತ ಮಗಳು ಹೇಳಿಕೊಟ್ಟಿದ್ದಳು. ಬೆಳಗಾಯ್ತಾ ಅಂತ ಕೇಳ್ತಿದಾರೆ, ಪಾಪ, ವಯಸ್ಸಾಗಿದೆ. "ಹಾಯ್, ಅಸಾ, ಅಸಾ," ಅಂತ ಬಗ್ಗಿ ನಮಸ್ಕರಿಸಿದೆ. ಮಾತು ಬೆಳೆಯಲಿ ಅಂತ ಎಲೆ ಮುಟ್ಟಿ, ಬಾಯಿಗೆ ಕೈ ಒಯ್ದು, ಬಸುರಿ ಹೊಟ್ಟೆಯನ್ನು ಗಾಳಿಯಲ್ಲಿ ಬರೆದು ತೋರಿಸಿದೆ. ಅಜ್ಜಿ ಒಳಗೆ ಹೋಗಿ ಕಿಟಕಿ ಹಾಕಿಕೊಂಡರು.

ಇದನ್ನು ಹೇಳಿದ್ದೇ ಅಳಿಯಂದಿರು ಕಾಫಿ ಲೋಟ ಕೆಳಗಿಟ್ಟು ಬಾಲ್ಕನಿಯ ಪರದೆ ಎಳೆದರು. "ಅಸಾ ಅಂದ್ರೆ ಗಾಂಜಾ ಗಿಡ ಅಂತಾನೂ ಅರ್ಥ ಮಾವ. ಪುಂಡಿ ಎಲೆ ನೋಡೋಕೆ ಹಾಗೇ ಇದೆ. ಇಲ್ಲಿ ಅದಕ್ಕೆ ಜೈಲು. ನನ್ನ ವೀಸಾನೂ ಹೋಗುತ್ತೆ."

"ಅಂದ್ರೆ ನಾನು ಅಜ್ಜಿಗೆ ಏನು ಹೇಳ್ದಂಗಾಯ್ತು?"

"ಹೌದು, ಗಾಂಜಾನೇ, ಬಸುರಿ ಮಗಳಿಗೆ ತಿನ್ನಿಸೋಕೆ ಅಂತ."

ಪೊಲೀಸು

"ಕಿತ್ತು ಬಿಸಾಡೋಣ," ಅಂತ ಅಳಿಯಂದಿರು. "ಒಂದು ಹೊತ್ತು ಉಂಡ ಮೇಲೆ ಕೀಳ್ರಿ," ಅಂತ ಮಗಳು. ಅಷ್ಟರಲ್ಲಿ ಬೆಲ್ ಆಯಿತು. ಬಾಗಿಲಲ್ಲಿ ಪೊಲೀಸಪ್ಪ, ಅವರ ಬೆನ್ನ ಹಿಂದೆ ಅಜ್ಜಿ.

"ಸುಮಿಮಾಸೆನ್," ಕ್ಷಮಿಸಿ ಅಂತ ಪೊಲೀಸಪ್ಪ ಬಗ್ಗಿದರು. ಅಳಿಯಂದಿರು ಬಗ್ಗಿದರು. ನಾನು ಇಬ್ಬರಿಗಿಂತ ಜಾಸ್ತಿ ಬಗ್ಗಿದೆ. ಅಳಿಯಂದಿರು ಬೆವರು ಒರೆಸುತ್ತಾ ವಿವರಿಸಿ, ಗಿಡ ತೋರಿಸೋಕೆ ಬಾಲ್ಕನಿಗೆ ಕರೆದೊಯ್ದರೆ ಅಲ್ಲಿ ಬರೀ ಕಡ್ಡಿಗಳು. ಒಂದೆಲೆಯೂ ಇಲ್ಲ.

ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ನಾವು ಬಾಗಿಲಲ್ಲಿ ಬಗ್ಗಿ ಏಳೋದರೊಳಗೆ ಮಗಳು ಎಲೆಯನ್ನೆಲ್ಲ ತರಿದು ಬೇಳೆ ಜೊತೆ ಬೇಯಲು ಹಾಕಿದ್ದಳು.

"ಸಾಕ್ಷಿ ನಾಶ," ಅಂತ ಅಳಿಯಂದಿರು ಗೋಡೆಗೆ ಒರಗಿದರು.

ಮಗಳು ಮಾತ್ರ ಕುಕ್ಕರ್ ಇಳಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಪೊಲೀಸಪ್ಪನಿಗೆ ಒಂದು ಚಮಚ ಹಿಡಿದಳು. ಅವರು ಅಜ್ಜಿಯನ್ನು ನೋಡಿ, ನಮ್ಮನ್ನು ನೋಡಿ, ನಾಲಿಗೆ ತುದಿಗೆ ಮುಟ್ಟಿಸಿದರು. ಕಣ್ಣು ಮುಚ್ಚಿಹೋದವು. "ಸುಪ್ಪೈ," ಅಂದರು.

"ಅದನ್ನೇ ಆಗಿಂದ ಹೇಳ್ತಿರೋದು ಸ್ವಾಮಿ, ಸೊಪ್ಪೈತೆ," ಅಂದೆ.

"ಸುಪ್ಪೈ ಅಂದ್ರೆ ಹುಳಿ ಅಂತ ಮಾವ," ಅಂದ ಅಳಿಯಂದಿರ ಮುಖಕ್ಕೆ ಆಗಷ್ಟೇ ಕಳೆ ಬಂದಿತ್ತು.

ಪೊಲೀಸಪ್ಪ ಏನೋ ಮೆಲ್ಲಗೆ ಕೇಳಿದರು. ಪರೀಕ್ಷೆಗೆ ಠಾಣೆಗೆ ಒಯ್ಯಬೇಕು, ಸ್ವಲ್ಪ ಡಬ್ಬಿಗೆ ಹಾಕಿಕೊಡಿ ಅಂತಿದಾರೆ ಅಂದರು ಅಳಿಯಂದಿರು. ಹಿಂದಿರುಗಿ ನೋಡಿದರೆ ಮಗಳು ನೆಲದ ಮೇಲೆ ಕೂತು ಕುಕ್ಕರ್ ತಳ ಬಳಿಯುತ್ತಿದ್ದಳು. ವಾಂತಿಯ ಸುಳಿವೇ ಇಲ್ಲ. ಬೆರಳು ನೆಕ್ಕಿ, "ಮುಗೀತಪ್ಪಾ," ಅಂದಳು.

ನಾನು ಪೊಲೀಸಪ್ಪನಿಗೆ ಕೈ ಮುಗಿದು ಹೇಳಿದೆ: "ಸಾಹೇಬ್ರೇ, ನಿಮ್ಮ ಸಾಕ್ಷಿ ಈಗ ನನ್ನ ಮೊಮ್ಮಗನ ಹತ್ರ ಐತೆ. ಅವನು ಹೊರಗೆ ಬಂದ ಮೇಲೆ ನೀವೇ ವಿಚಾರಿಸ್ಕೊಳ್ಳಿ."