ಹಸುವಿನ ಕಿವಿ ಮತ್ತು ಎರಡು ಕ್ಯಾಮರಾ

ದನದ ಡಾಕ್ಟರಾಗಿ ಊರೂರು ತಿರುಗಿದವನಿಗೆ ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗುವ ಕಷ್ಟವಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಅವೇ ಕಾದು ನಿಂತಿರುತ್ತವೆ. ಅಂಥದ್ದೆಲ್ಲ ನಡೆದಾಗ ನಾನು ಸಿಡುಕಿದ್ದೇ ಹೆಚ್ಚು. ನಗು ಬಂದದ್ದು ಎಷ್ಟೋ ದಿನ ಕಳೆದ ಮೇಲೆ. ಇಲ್ಲಿ ಬರೆದಿರುವುದು ನಾನೊಂದು ಕ್ಯಾಮರಾ ಕೊಳ್ಳಲು ಹೊರಟಾಗ ಆದದ್ದು.

ದನದ ಡಾಕ್ಟರಿಗೆ ಕ್ಯಾಮರಾ ಯಾಕೆ ಎಂದು ಕೇಳಬಹುದು. ಹಸುವಿಗೆ ವಿಮೆ ಮಾಡಿಸಬೇಕಾದರೆ ಅದರ ಕಿವಿಗೆ ನಂಬರಿನ ಓಲೆ ಹಾಕಿ, ಪಕ್ಕದಲ್ಲಿ ಮಾಲೀಕನನ್ನು ನಿಲ್ಲಿಸಿ, ಇಬ್ಬರ ಫೋಟೋ ತೆಗೆದು ಕಳಿಸಬೇಕಿತ್ತು. ನಮ್ಮ ಕಡೆ ಆ ಕೆಲಸವೂ ನನ್ನ ಕೊರಳಿಗೇ ಬಿದ್ದಿತ್ತು.

೧. ರೀಲಿನ ಕಾಲ

ತೊಂಬತ್ತರ ದಶಕದಲ್ಲಿ ನಾನು ಹೊಳೆನರಸೀಪುರದಲ್ಲಿದ್ದೆ. ಆಗ ಒಂದು ರೀಲಿಗೆ ಮೂವತ್ತಾರು ಫೋಟೋ. ಮೂವತ್ತಾರು ಹಸು ಸಿಗುವವರೆಗೆ ಕಾಯಬೇಕು. ಒಮ್ಮೆ ರೀಲಿನ ಕೊನೆಯಲ್ಲಿ ನಾಲ್ಕು ಉಳಿದಿತ್ತು. ನನ್ನ ಹೆಂಡತಿಯ ತಂಗಿಗೆ ಗಂಡು ನೋಡುತ್ತಿದ್ದರು. ಹಾಳಾಗುವುದು ಬೇಡವೆಂದು ಅವಳನ್ನೇ ನಿಲ್ಲಿಸಿ ತೆಗೆದೆ. ಸ್ಟುಡಿಯೋದವನಿಗೆ, "ಹುಡುಗಿಯ ಫೋಟೋ ಬೇರೆ ಕವರಿಗೆ ಹಾಕಿ ಈ ವಿಳಾಸಕ್ಕೆ ಕಳಿಸಪ್ಪ" ಎಂದು ಚೀಟಿಯನ್ನೂ ಕೊಟ್ಟೆ.

ವಾರದೊಳಗೆ ಗಂಡಿನ ತಂದೆಯಿಂದ ಕಾಗದ ಬಂತು. "ಹುಡುಗಿ ನಮ್ಮ ಮನೆಯವರಿಗೆಲ್ಲ ಒಪ್ಪಿಗೆ. ಜೊತೆಯಲ್ಲಿ ಕಳಿಸಿರುವ ಜರ್ಸಿ ಹಸು ಮಾರುವುದಿದ್ದರೆ ಎಷ್ಟನೇ ಸೂಲು, ಎಷ್ಟು ಲೀಟರು ತಿಳಿಸಿ. ಅದನ್ನು ನೋಡಲು ನಾನೇ ಬರುತ್ತೇನೆ."

೨. ಅಂಗಡಿಯಲ್ಲಿ

ರೀಲಿನ ಕಾಲ ಮುಗಿದು ಡಿಜಿಟಲ್ ಬಂತು. ಎರಡು ಸಾವಿರದ ಏಳೋ ಎಂಟೋ ಇರಬೇಕು, ನಾನೂ ಹೆಂಡತಿಯೂ ಹಾಸನದ ಅಂಗಡಿಯೊಂದಕ್ಕೆ ಹೋದೆವು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಏನನ್ನೇ ಆದರೂ ಪರೀಕ್ಷೆ ಮಾಡದೆ ಒಪ್ಪುವವಳಲ್ಲ.

ಅಂಗಡಿಯವರು ಎರಡು ಕ್ಯಾಮರಾ ತೋರಿಸಿದರು. ಒಂದು ಅಂಗೈಯಗಲದ್ದು, ಗಟ್ಟಿಮುಟ್ಟಾದದ್ದು. "ಇದು ಬಿದ್ರೂ ಏನೂ ಆಗಲ್ಲ ಸಾರ್" ಎಂದು ಎದೆಯೆತ್ತರದಿಂದ ನೆಲಕ್ಕೆ ಬಿಟ್ಟರು. ಆಮೇಲೆ ನೀರಿನ ಜಗ್ಗಿನೊಳಗೆ ಮುಳುಗಿಸಿ ತೆಗೆದು, ಒರೆಸಿ, ನಮ್ಮಿಬ್ಬರದೇ ಒಂದು ಫೋಟೋ ಹೊಡೆದರು. ಹೆಂಡತಿ ಒಪ್ಪಿಕೊಂಡಂತೆ ತಲೆಯಾಡಿಸಿದಳು.

ನನ್ನ ಕಣ್ಣಿದ್ದದ್ದು ಇನ್ನೊಂದರ ಮೇಲೆ. ಎಸ್ಸೆಲ್ಲಾರ್ ಎನ್ನುವ ದೊಡ್ಡ ಕ್ಯಾಮರಾ. ಕೊರಳಿಗೆ ಪಟ್ಟಿ, ಮುಂದೆ ಚಾಚಿದ ಲೆನ್ಸು. ಕಾಲೇಜಿನ ದಿನಗಳಿಂದ ಅಂಥದ್ದೊಂದು ಕೊರಳಲ್ಲಿ ತೂಗಾಡಬೇಕೆಂಬ ಆಸೆ ನನಗೆ. ಯಾರಿಗೂ ಹೇಳಿರಲಿಲ್ಲ. "ಹಸುವಿನ ಕಿವಿ ಸ್ಪಷ್ಟವಾಗಿ ಬರಬೇಕಲ್ಲ" ಎಂದು ಮೆಲ್ಲಗೆ ಕೈ ಚಾಚಿದೆ. ಅಂಗಡಿಯವರು ತಡೆದರು. "ಇದನ್ನ ಕೈ ತೊಳ್ಕೊಂಡು ಮುಟ್ಟಬೇಕು ಸಾರ್. ಧೂಳು, ತೇವ ಒಂದೂ ಆಗಲ್ಲ."

ಹೆಂಡತಿ ನಕ್ಕಳು. "ಇವರ ಕೈ ದಿನಾ ಎಲ್ಲೆಲ್ಲಿ ಹೋಗಿಬರುತ್ತೆ ಅಂತ ಗೊತ್ತಿದ್ದಿದ್ರೆ ನೀವು ಇವರನ್ನ ಅಂಗಡಿಯೊಳಕ್ಕೇ ಬಿಡ್ತಿರಲಿಲ್ಲ!"

೩. ದೊಡ್ಡದರ ವೈಭವ

ಅಂದು ತೀರ್ಮಾನವಾಗಲಿಲ್ಲ. ಹೆಂಡತಿ ಒಂದು ಪರೀಕ್ಷೆ ಗೊತ್ತುಮಾಡಿದಳು. ಒಂದು ತಿಂಗಳು ಎರಡನ್ನೂ ಬಳಸಿ ನೋಡುವುದು. ಅವಳ ತಮ್ಮನ ಹತ್ತಿರ ಎಸ್ಸೆಲ್ಲಾರ್ ಇತ್ತು. ದೊಡ್ಡಗದ್ದವಳ್ಳಿಯ ದೇವಸ್ಥಾನದ ಶಿಲ್ಪಗಳನ್ನು ತೆಗೆಯುತ್ತೇನೆಂದು ಕೊಂಡು, ಎರಡೇ ಸಲ ಹೋಗಿ ಸುಮ್ಮನಾಗಿದ್ದ. ಅದನ್ನು ಈಸಿಕೊಂಡೆ. ಅಂಗಡಿಯವರು, ಎಲ್ಲರ ಮುಂದೆ ಬೀಳಿಸಿ ಬೀಳಿಸಿ ಮೂಲೆ ತಗ್ಗಾಗಿದ್ದ ಆ ಚಿಕ್ಕದನ್ನೇ ಒಂದು ತಿಂಗಳಿಗೆ ಕೊಟ್ಟರು.

ದೊಡ್ಡದನ್ನು ಕೊರಳಿಗೆ ಹಾಕಿಕೊಂಡು ಮೊದಲು ಹೋದದ್ದು ಹರದನಹಳ್ಳಿಗೆ. ಮನೆಯ ಯಜಮಾನ ಅದನ್ನು ನೋಡಿದವನೇ, "ಒಂದ್ ಗಳಿಗೆ ಇರಿ ಸಾ" ಎಂದು ಒಳಗೆ ಹೋದ. ಅರ್ಧ ಗಂಟೆಯಾದ ಮೇಲೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಬಂದ. ಹಸುವಿನ ಕೊಂಬಿಗೆ ಎಣ್ಣೆ, ಹಣೆಗೆ ಕುಂಕುಮ. ಎರಡು ಕಿವಿಯ ಮೇಲೂ ಚೆಂಡುಹೂವಿನ ದಂಡೆ. ಓಲೆ ಕಾಣುವ ಮಾತೇ ಇಲ್ಲ.

"ಹೂ ತೆಗಿಯಪ್ಪ, ನಂಬರ್ ಕಾಣಬೇಕು" ಎಂದೆ.

ಅವನ ತಾಯಿಗೆ ಸಿಟ್ಟು ಬಂತು. "ಬೋಳು ಕಿವೀಲಿ ಯಾರಾರ ಪಟ ಇಡಸ್ತಾರಾ?"

ಅಷ್ಟರಲ್ಲಿ ಬೀದಿಯೇ ಸೇರಿತು. ವಿಮೆ ಇಲ್ಲದ ಎಮ್ಮೆ ಬಂತು, ಕರು ಬಂತು, ಆಮೇಲೆ ಒಂದು ಅಜ್ಜಿ ಬಂತು. ಕೊನೆಗೆ ಒಬ್ಬ ಮುದುಕಪ್ಪ ಟಗರೊಂದನ್ನು ಎಳೆದು ತಂದು ನಿಲ್ಲಿಸಿದ.

"ಟಗರಿಗೆ ವಿಮೆ ಮಾಡಿಸ್ತೀಯಾ ತಾತ?" ಎಂದು ಕೇಳಿದೆ.

"ವಿಮೆ ಯಾಕ್ ಸಾ, ಬರೋ ವಾರ ಅಬ್ಬಕ್ಕೆ ಕುಯ್ತೀವಿ. ನೆಪ್ಪಿಗೆ ಒಂದ್ ಪಟ ಇರ್ಲಿ ಅಂತ."

೪. ಚಿಕ್ಕದರ ಕೀರ್ತಿ

ಮಾರನೆಯ ವಾರ ಚಿಕ್ಕದನ್ನು ಜೇಬಿಗೆ ಹಾಕಿಕೊಂಡು ಚನ್ನರಾಯಪಟ್ಟಣದ ಕಡೆ ಹೋದೆ. ಯಾರೂ ಅಂಗಿ ಬದಲಾಯಿಸಲಿಲ್ಲ. ಒಬ್ಬನಂತೂ, "ಇದೇನ್ ಸಾ, ಸೋಪಿನ ಡಬ್ಬಿ ಇದ್ದಂಗದೆ" ಎಂದ. ಅವನ ಎಮ್ಮೆಯ ಕಿವಿಯ ಹತ್ತಿರ ಬಗ್ಗಿ ಹಿಡಿದಿದ್ದೆ. ಎಮ್ಮೆ ಒಮ್ಮೆ ತಲೆ ಕೊಡವಿತು. ಕ್ಯಾಮರಾ ಹಾರಿ ಕಲಗಚ್ಚಿನ ಬಾನಿಯೊಳಗೆ ಬಿತ್ತು.

ತೋಳು ಏರಿಸಿ, ತೌಡು, ಹಿಂಡಿ, ಅನ್ನದ ಗಂಜಿಯೊಳಗೆ ತಡಕಾಡಿ ತೆಗೆದೆ. ನಲ್ಲಿಯ ಕೆಳಗೆ ಹಿಡಿದು ತೊಳೆದು ಗುಂಡಿ ಒತ್ತಿದರೆ ಫೋಟೋ ಬಂತು! ಜನ ಬೆರಗಾದರು. "ಇನ್ನೊಂದ್ಸಲ ಮುಳುಗ್ಸಿ ಸಾ" ಎಂದು ದುಂಬಾಲು ಬಿದ್ದರು. ಮುಳುಗಿಸಿದೆ. ಇನ್ನೊಂದಿಷ್ಟು ಜನ ಬಂದರು. ಅವರಿಗೂ ಮುಳುಗಿಸಿದೆ.

ನಾನು ಪಕ್ಕದ ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬಿಸಿಲಲ್ಲಿ ಬಂದು ಜಗಲಿಯ ಮೇಲೆ ಕೂತೆ. ಮನೆಯಾಕೆ ದೊಡ್ಡ ಚೊಂಬಿನ ತುಂಬ ನೀರು ತಂದಿಟ್ಟರು. ಎಷ್ಟು ಒಳ್ಳೆಯ ಜನ ಎಂದುಕೊಂಡು ಗಟಗಟ ಕುಡಿದು ಮುಗಿಸಿದೆ. ಆಕೆ ಗಾಬರಿಯಾಗಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ, ಕುಡ್ದೇಬುಟ್ರಾ ಸಾ? ಅದು ಕ್ಯಾಮರಾಕ್ಕೆ ತಂದಿದ್ದು ಕಣ್ ಸಾ!"

೫. ಹೊಗೆ

ತೀರ್ಮಾನವಾದದ್ದು ಅರಕಲಗೂಡಿನ ಹತ್ತಿರದ ಒಂದು ಮನೆಯಿಂದ.

ಅಲ್ಲಿಯ ಯಜಮಾನ ಗಂಟುಮುಖದ ಮನುಷ್ಯ. ಮಾತು ಕಡಿಮೆ. ಹಸುವನ್ನು ಮಾತ್ರ ಚೆನ್ನಾಗಿ ಸಾಕಿದ್ದ. ದೊಡ್ಡ ಕ್ಯಾಮರಾದಲ್ಲಿ ಇಬ್ಬರದೂ ತೆಗೆದು ಕಳಿಸಿದೆ. ಎರಡು ದಿನ ಬಿಟ್ಟು ವಿಮೆಯವರಿಂದ ಫೋನು ಬಂತು.

"ಡಾಕ್ಟ್ರೇ, ಕಿವಿ ಬಹಳ ಚೆನ್ನಾಗಿ ಬಂದಿದೆ. ಕೂದಲು ಎಣಿಸಬಹುದು. ಆದ್ರೆ ಹಸುವಿನ ಹಿಂದೆ ಏನೋ ಹೊಗೆ ಕಾಣ್ತಿದೆಯಲ್ಲ. ಮಾಲೀಕ ಎಲ್ಲಿ?"

"ಆ ಹೊಗೆಯೇ ಮಾಲೀಕ" ಎಂದೆ.

ಆ ಲೆನ್ಸಿನ ಗುಣವೇ ಅದು. ಯಾವುದನ್ನು ನೋಡು ಎನ್ನುತ್ತೇವೋ ಅದೊಂದನ್ನೇ ನೋಡುತ್ತದೆ, ಉಳಿದದ್ದನ್ನು ಮಸುಕು ಮಾಡುತ್ತದೆ. ಹಾಗೆ ಬಾರದಂತೆ ತಿರುಗಿಸಿಕೊಳ್ಳುವ ವಿದ್ಯೆ ನನಗೆ ಇನ್ನೂ ಬಂದಿರಲಿಲ್ಲ. ಚಿಕ್ಕದನ್ನು ಹಿಡಿದು ಮತ್ತೆ ಹೋದೆ. ಯಜಮಾನ ಕಂಬದ ಹಾಗೆ ನಿಂತ. "ಸ್ವಲ್ಪ ನಗಪ್ಪ" ಎಂದೆ. "ನಗಬೇಕು ಅಂತ ರೂಲ್ಸು ಅದಾ ಸಾ?" ಎಂದು ಕೇಳಿದ. ಆ ಹೊತ್ತಿಗೆ ಸರಿಯಾಗಿ ಹಸು ನಾಲಿಗೆ ಚಾಚಿ ಅವನ ಕುತ್ತಿಗೆ ನೆಕ್ಕಿತು. ಕಚಗುಳಿ ಇಟ್ಟಂತಾಗಿ ಮನುಷ್ಯ ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟ. ಗುಂಡಿ ಒತ್ತಿದೆ. ಅವನು, ಹಸು, ಓಲೆ, ಹಿಂದಿನ ಗೋಡೆಯ ಬೆರಣಿ, ಎಲ್ಲವೂ ಒಂದೇ ಸಮ ಬಂದಿತ್ತು.

ಪರೀಕ್ಷೆಯ ತಿಂಗಳು ಇನ್ನೂ ಮುಗಿದಿರಲಿಲ್ಲ, ಅವನ ಹೆಂಡತಿ ಆಸ್ಪತ್ರೆಗೆ ಬಂದರು. ಹಸುವಿಗೇನಾಯಿತೋ ಎಂದುಕೊಂಡೆ.

"ಅವ್ರು ಓಗ್ಬುಟ್ರು ಸಾ. ಎದೆನೋವು ಅಂದ್ರು, ಅಷ್ಟೇಯ. ಮನೇಲಿ ಅವ್ರದ್ದು ಒಂದ್ ಪಟಾನೂ ಇಲ್ಲ. ನೀವು ತಗ್ದಿದ್ರಲ್ಲ..."

ಕಂಪ್ಯೂಟರಿನಲ್ಲಿ ಮೊದಲು ಬಂದದ್ದು ದೊಡ್ಡ ಕ್ಯಾಮರಾದ್ದು. ಆಕೆ ಆ ಹೊಗೆಯನ್ನು ಬಹಳ ಹೊತ್ತು ನೋಡಿ, "ಇವ್ರೇನಾ?" ಎಂದರು. ನನಗೆ ನಾಚಿಕೆಯಾಯಿತು. ಬೇಗ ಇನ್ನೊಂದನ್ನು ತೆಗೆದೆ. ಆಕೆ ಸೆರಗಿನಿಂದ ಪರದೆಯ ಧೂಳನ್ನು ಒರೆಸಿ, ನೋಡುತ್ತ ಕುಳಿತರು. ಅಂದು ಸಂಜೆಯೇ ಎಸ್ಸೆಲ್ಲಾರನ್ನು ಭಾವಮೈದನಿಗೆ ಒಪ್ಪಿಸಿ, ಹಾಸನಕ್ಕೆ ಹೋಗಿ ಚಿಕ್ಕದರ ಹಣ ಕೊಟ್ಟು ಬಂದೆ. ಕೊರಳ ಪಟ್ಟಿಯ ಆಸೆ ಅಲ್ಲಿಗೆ ಮುಗಿಯಿತು.

ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟೆ. ಗೋಡೆಗೆ ಹಾಕುವ ಫೋಟೋ ಎಂದು ಸ್ಟುಡಿಯೋದವನಿಗೆ ಹೇಳಿ ಹಸುವನ್ನು ತೆಗೆಸಿ, ಹಿಂದೆ ನೀಲಿ ಬಣ್ಣ ಹಾಕಿಸಿದ್ದೆ. ಮಾರನೆಯ ದಿನ ಆಕೆ ಕಟ್ಟಿನ ಸಮೇತ ವಾಪಸು ಬಂದರು.

"ಹಸ ಎಲ್ಲೋಯ್ತು ಸಾ?"

"ಹೂವು ಹಾಕಿ ಕೈ ಮುಗಿಯೋ ಫೋಟೋ ಅಲ್ವೇನಮ್ಮ, ಹಸು ಯಾಕೆ ಅಂತ ತೆಗೆಸಿದೆ."

"ತಿರ್ಗಾ ಸೇರ್ಸ್ಕೊಡಿ ಸಾ. ಹಸ ಇಲ್ದೆ ಈ ಪಟಾನ ಗ್ವಾಡೆಗೆ ತಗಲಾಕುದ್ರೆ, ಬಂದೋರೆಲ್ಲ ಅವ್ರು ನನ್ನ ನೋಡ್ಕಂಡು ನಗ್ತಾವ್ರೆ ಅಂದ್ಕತಾರೆ. ಇಪ್ಪತ್ತೊರ್ಸ ಸಂಸಾರ ಮಾಡಿವ್ನಿ, ಒಂದ್ ದಿನಾನೂ ನನ್ನ ನೋಡಿ ಇಂಗೆ ನಕ್ಕೋರಲ್ಲ. ಸತ್ತೋರ ಮ್ಯಾಲೆ ಸುಳ್ ಯಾಕ್ ಸಾ ಏಳೋದು?"