ಮಾವನ ಮೂರನೇ ಕ್ಯಾಪು

ನಮ್ಮ ಮಾವನನ್ನು ಒಂದೇ ಕಡೆ ಎರಡು ನಿಮಿಷ ಕೂರಿಸಿದವರಿಗೆ ನಾನು ಅಡ್ಡ ಬೀಳುತ್ತೇನೆ! ಅಮ್ಮನ ತಮ್ಮ ಇವರು. ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳ ತಪಾಸಣೆ ಮಾಡುತ್ತಿದ್ದವರು, ಈಗ ನಿವೃತ್ತರು. ನಿವೃತ್ತಿ ಕಾರ್ಖಾನೆಗೆ ಮಾತ್ರ, ತಪಾಸಣೆಗಲ್ಲ. ಬೇರೆಯವರು ಪೆನ್ನು ಇಡುವ ಜೇಬಿನಲ್ಲಿ ಇವರು ಫೀಲರ್ ಗೇಜ್ ಇಟ್ಟುಕೊಳ್ಳುತ್ತಾರೆ. ಸಂದಿ ಅಳೆಯುವ ತೆಳ್ಳನೆಯ ಉಕ್ಕಿನ ಪಟ್ಟಿಗಳವು. ನಮ್ಮ ಮನೆಗೆ ಬಂದರೆ ಮೊದಲು ಅದನ್ನು ಬಾಗಿಲ ಸಂದಿಗೆ ತೂರಿಸಬೇಕು. "ಕಾಫಿ ಆಮೇಲೆ. ಈ ಬಾಗ್ಲು ಕೂರ್ಸಿದ್ದು ಯಾರೇ?"

ಇಂಥವರ ಬಲಗಡೆ ದವಡೆ ಹಲ್ಲಿಗೆ ಹಾಕಿದ ಕ್ಯಾಪು ಒಂದೇ ವರ್ಷದಲ್ಲಿ ಎರಡು ಸಲ ಒಡೆಯಬೇಕೆ? ಇಂದಿರಾನಗರದ ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟರು: "ಅಂಕಲ್, ಮೂರನೇದೂ ಹೋದ್ರೆ ಒಳಗಿರೋ ಹಲ್ಲು ಉಳಿಯಲ್ಲ. ಕೀಳ್ಬೇಕಾಗುತ್ತೆ."

ಮಾವನ ಮುಖ ಬಿಳಿಚಿಕೊಂಡಿತು. "ನನ್ನ ಟೇಬಲ್ ಮೇಲಿಂದ ಒಂದು ಕೆಟ್ಟ ಪೀಸ್ ಆಚೆ ಹೋಗಿಲ್ಲ. ನನ್ನ ಹಲ್ಲನ್ನೇ ರಿಜೆಕ್ಟ್ ಮಾಡ್ತೀರಾ?"

ಅಗಿಯುವಾಗ ದವಡೆ ಹೇಗೆ ಓಡಾಡುತ್ತದೆಂದು ಕಂಪ್ಯೂಟರಿನಲ್ಲಿ ಗೆರೆ ಎಳೆದು ತೋರಿಸುವ ಯಂತ್ರವೊಂದು ಡಾಕ್ಟರಮ್ಮನ ಹತ್ತಿರ ಬಂದಿತ್ತು. ಆ ಗೆರೆಗೆ ಹೊಂದುವಂತೆ ಕ್ಯಾಪು ಮಾಡೋಣ ಎಂದರು. ಮಾವನಿಗೆ ಹೋದ ಜೀವ ಬಂತು. ನೀಲಿ ಕಾಗದ ಕಚ್ಚಿಸಿ ಹಲ್ಲು ಅಳೆಯುವುದನ್ನು ಅವರು ಮೊದಲಿಂದಲೂ ಒಪ್ಪಿದವರಲ್ಲ.

ಗೊತ್ತುಮಾಡಿದ ದಿನ ನಾನು ಅರ್ಧ ದಿನ ರಜೆ ಹಾಕಿ ವಿಮಾನಪುರದಿಂದ ಅವರನ್ನು ಕರೆದುಕೊಂಡು ಬಸ್ಸು ಹತ್ತಿದೆ. ದೊಮ್ಮಲೂರು ಫ್ಲೈಓವರ್ ಹತ್ತಿರ ಬಸ್ಸು ನಿಂತಿತು. ನಿಂತೇ ಇತ್ತು. "ನಿಂತ ಬಸ್ಸಲ್ಲಿ ಕೂರೋದು ನನ್ ಕೈಲಾಗಲ್ಲ" ಎಂದವರೇ ಇಳಿದು ನಡೆದೇ ಹೊರಟುಬಿಟ್ಟರು! ನಾನು ಉಗುರು ಕಚ್ಚುತ್ತಾ ಕ್ಲಿನಿಕ್ ತಲುಪುವಷ್ಟರಲ್ಲಿ ಅವರು ಅಲ್ಲಿನ ಕುರ್ಚಿಯ ಸ್ಕ್ರೂಗಳನ್ನು ಪರೀಕ್ಷಿಸುತ್ತಿದ್ದರು.

ಡಾಕ್ಟರಮ್ಮ ತಲೆಗೊಂದು ಪಟ್ಟಿ ಕಟ್ಟಿ, ಕೆಳಹಲ್ಲಿಗೆ ಹಗುರವಾದ ಸೆನ್ಸರ್ ಅಂಟಿಸಿ, ಚೂಯಿಂಗ್ ಗಮ್ ಕೊಟ್ಟರು.

"ಹಾರೋ ವಿಮಾನಾನ ನೀರಲ್ಲಿ ಬಿಟ್ಟು ಟೆಸ್ಟ್ ಮಾಡ್ತಾರಾ ಡಾಕ್ಟ್ರೇ? ನಾನು ತಿನ್ನೋದ್ರಲ್ಲೇ ನೋಡಿ" ಎಂದು ಮಾವ ಚೀಲದಿಂದ ಕೋಡುಬಳೆ ಡಬ್ಬಿ ತೆಗೆದರು. ಅಗಿಯುತ್ತಲೇ ಮಾತು, ಮಾತಾಡುತ್ತಲೇ ಎದ್ದು ಪರದೆ ನೋಡುವುದು! ಬೆಕ್ಕಿನ ಕೈಗೆ ನೂಲುಂಡೆ ಸಿಕ್ಕ ಹಾಗೆ ಪರದೆಯೆಲ್ಲ ಗೆರೆ ಸಿಕ್ಕುಸಿಕ್ಕಾಯಿತು. ಡಾಕ್ಟರಮ್ಮ ಮೂರು ಸಲ ಅಳಿಸಿ ಮತ್ತೆ ಶುರುಮಾಡಿದರು. ನನಗೋ, ಆಫೀಸಿನಿಂದ ಮೇಲಿಂದ ಮೇಲೆ ಫೋನು.

ನಾಲ್ಕನೇ ಸಲ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ಅಂಕಲ್, ತುತ್ತು ನುಂಗಿ ಆಗಿದೆ. ಆದ್ರೂ ಖಾಲಿ ಬಾಯಲ್ಲಿ ಎರಡು ಸಲ ಜೋರಾಗಿ ಕಚ್ತೀರಲ್ಲ, ಯಾಕೆ? ಕ್ಯಾಪ್ ಒಡೀತಿರೋದು ಇದರಿಂದಾನೇ."

"ಇಲ್ವಲ್ಲ!" ಎಂದರು ಮಾವ. ಡಾಕ್ಟರಮ್ಮ ಮತ್ತೆ ತೋರಿಸಿದರು. ಪ್ರತಿ ತುತ್ತಿನ ಕೊನೆಗೂ ನೆಟ್ಟಗೆ ಎರಡು ಗೆರೆ. ಮಾವ ಕೋಡುಬಳೆ ಡಬ್ಬಿಯ ಮುಚ್ಚಳ ಹಾಕಿದರು.

"ನಮ್ಮನೆಯವಳಿಗೆ ಹೋದ ವರ್ಷ ಸ್ಟ್ರೋಕ್ ಆಯ್ತು ಡಾಕ್ಟ್ರೇ. ತುತ್ತು ಬಾಯಲ್ಲಿಟ್ರೆ ಅಗಿಯೋದೇ ಮರ್ತುಬಿಡ್ತಾಳೆ. ಎದುರಿಗೆ ಕೂತು ನಾನು ಟಕ್ ಟಕ್ ಅಂತ ಕಚ್ಚಿದ್ರೆ, ಆ ಶಬ್ದಕ್ಕೆ ಅವಳೂ ಕಚ್ತಾಳೆ. ಅದೇ ಅಭ್ಯಾಸ ಆಗಿರ್ಬೇಕು."

ಅತ್ತೆಯನ್ನು ನೋಡಲು ನಾನು ತಿಂಗಳಿಗೊಮ್ಮೆ ಹೋಗುತ್ತೇನೆ. ಊಟದ ಹೊತ್ತಿಗೆ ಒಂದು ದಿನವೂ ನಿಂತವಳಲ್ಲ. ನನಗೆ ನಾಚಿಕೆಯಾಯಿತು.

"ಆ ಅಭ್ಯಾಸ ಬಿಟ್ರೆ ಹಲ್ಲು ಉಳಿಯುತ್ತೆ ಅಂಕಲ್."

"ಹಾಗಾದ್ರೆ ಕಿತ್ತುಬಿಡಿ" ಎಂದರು ಮಾವ, ತಕ್ಷಣ. "ಎಡಗಡೆ ಹಲ್ಲಲ್ಲೂ ಶಬ್ದ ಬರುತ್ತೆ."

ಡಾಕ್ಟರಮ್ಮ ಪರದೆಯ ಗೆರೆಗಳನ್ನು ಮತ್ತೆ ಅಳಿಸಿದರು. "ಬೇಡ. ಆಂಟಿಗೆ ಹೇಗೆ ಮಾಡಿ ತೋರಿಸ್ತೀರೋ ಹಾಗೇ ಮಾಡಿ. ಆ ಏಟನ್ನೂ ಅಳೆದು, ತಡೆಯೋ ಹಾಗೆ ಕ್ಯಾಪ್ ಮಾಡೋಣ."

ಮಾವ ಪ್ರಯತ್ನಪಟ್ಟರು, ಆಗಲಿಲ್ಲ. "ಎದುರಿಗೆ ಯಾರಾದ್ರೂ ಇರ್ಬೇಕು. ಬಾರೇ, ಇಲ್ಲಿ ಕೂತ್ಕೋ."

ನಾನು ಸ್ಟೂಲು ಎಳೆದುಕೊಂಡು ಕೂತೆ. ಮಾವ ಅಲುಗಾಡದೆ ಕೂತಿದ್ದರು. ಬರಿಗೈಯಲ್ಲೇ ತುತ್ತು ಮಾಡಿ ನನ್ನ ಬಾಯ ಹತ್ತಿರ ತಂದರು. ಯಾವತ್ತೂ ಕೇಳದ ಮೆಲ್ಲನೆಯ ದನಿಯಲ್ಲಿ, "ಆ ಅನ್ನು... ಹ್ಞಾಂ. ಅವಸರ ಇಲ್ಲ. ಈಗ ಕಚ್ಚು" ಎಂದರು.

ಟಕ್. ಟಕ್.

ಬಾಯಲ್ಲಿ ಏನೂ ಇರಲಿಲ್ಲ. ಆದರೂ ನಾನು ಅಗಿದೆ.