ಸ್ಟೆಡಿ ಎಂದರೆ

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇಲ್ಲ. ಇಂಗ್ಲಿಷ್ ಮಾಸ್ತರನಾದ ಮೇಲಂತೂ ಅದರ ಅಗತ್ಯವೇ ಬೀಳಲಿಲ್ಲ. ಎಪ್ಪತ್ತರ ದಶಕದ ಬೆಳಕೆಯಂಥ ಕರಾವಳಿಯ ಹಳ್ಳಿಯಲ್ಲಿ ನನ್ನ ಇಂಗ್ಲಿಷನ್ನು ತಿದ್ದುವವರು ಯಾರಿದ್ದರು? ಊರಿಗೆ ಬಂದ ತಂತಿಗಳೆಲ್ಲ ನನ್ನ ಜಗಲಿಗೇ ಬರುತ್ತಿದ್ದವು. ತಂತಿಯೆಂದರೆ ಓದುವ ಮೊದಲೇ ಅಳುವ ಕಾಲ ಅದು. ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವ ತನಕ ಅಳು ತಡೆದುಕೊಳ್ಳಿ ಎನ್ನುತ್ತಿದ್ದೆ. ಅಷ್ಟು ಗತ್ತು ನನ್ನದು.

ಒಂದು ಬುಧವಾರ ಬೆಳಿಗ್ಗೆ ಮೀನು ಮಾರುವ ಮಾದೇವಿ ತಂತಿ ಹಿಡಿದು ಬಂದಳು. ಬೋಟಿನಲ್ಲಿ ಬಲೆ ಎಳೆಯುವ ಹಗ್ಗ ತುಂಡಾಗಿ ಅವಳ ಗಂಡ ದುರ್ಗಯ್ಯನ ಹೊಟ್ಟೆಗೆ ಬಡಿದಿತ್ತು. ಅವಳ ಮೈದುನ ಅವನನ್ನು ಮಂಗಳೂರಿನ ಆಸ್ಪತ್ರೆಗೆ ಸೇರಿಸಿ, ಯಾರಿಂದಲೋ ಬರೆಸಿ ಕಳಿಸಿದ್ದ: ‘ಕಂಡೀಶನ್ ಸ್ಟೆಡಿ.’

“ಅಂದ್ರೆ ಎಂತ ಮಾಸ್ತರೆ?”

ಸ್ಟೆಡಿ ಎಂದರೆ ಅಲುಗಾಡದ್ದು, ಏರದ್ದು, ಇಳಿಯದ್ದು ಎಂದೆ. ಸ್ಟೆಡಿ ಗಾಳಿ, ಸ್ಟೆಡಿ ಹುಡುಗ ಎಂದು ಪ್ರಯೋಗಗಳನ್ನೂ ಕೊಟ್ಟೆ. ಗಂಡ ಆಸ್ಪತ್ರೆಯಲ್ಲಿರುವ ಹೆಂಗಸಿಗೆ ಪಾಠ.

“ಏರೂದೂ ಇಲ್ಲ, ಇಳಿಯೂದೂ ಇಲ್ಲ. ಹಂಗಾರೆ ಈಗ ಎಲ್ಲಿ ನಿಂತದೆ?”

ಇಪ್ಪತ್ತು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಉತ್ತರ ಆ ಶಬ್ದದಲ್ಲೂ ಇರಲಿಲ್ಲ, ನನ್ನಲ್ಲೂ ಇರಲಿಲ್ಲ. “ಒಳ್ಳೇದರಲ್ಲೇ ನಿಂತದೆ. ಗಾಬರಿ ಎಂತಕ್ಕೆ? ಒಣಗ್ಲಿಕ್ಕೆ ಹಾಕಿದ ಮೀನು ಎತ್ತಿಟ್ಟು ಶನಿವಾರ ಹೋದ್ರಾತು” ಎಂದೆ. ಅವಳ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಮಂಗಳೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ಗಂಟಿನ ಸಮೇತ ಮನೆಗೆ ತಿರುಗಿದಳು.

ಶುಕ್ರವಾರ ಮಧ್ಯಾಹ್ನ ಬಾಡಿಗೆ ಕಾರಿನಲ್ಲಿ ದುರ್ಗಯ್ಯನ ಹೆಣ ಬಂತು. ಗುರುವಾರ ಸಂಜೆಯವರೆಗೂ ಅವನಿಗೆ ಎಚ್ಚರ ಇತ್ತಂತೆ. “ಬಸ್ಸು ಬಂತಾ, ಬಸ್ಸು ಬಂತಾ ಅಂತಿದ್ದ” ಎಂದ ಮೈದುನ. ನಾನು ಕೇಳಿರದಿದ್ದರೆ ಅದನ್ನೂ ಹೇಳುತ್ತಿರಲಿಲ್ಲ. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು.

ಮಾದೇವಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಎಂದಿನಂತೆ ಮೀನಿನ ಬುಟ್ಟಿ ಹೊತ್ತು ನಮ್ಮ ಮನೆ ಮುಂದೆಯೇ ಹೋಗುತ್ತಿದ್ದಳು. ಆರು ತಿಂಗಳ ಮೇಲೆ ದುರ್ಗಯ್ಯನ ಸಾವಿನ ಬಗ್ಗೆ ಸರಕಾರದ ಕಾಗದವೊಂದು ಬಂತು, ಇಂಗ್ಲಿಷಿನಲ್ಲಿ. ಬೇರೆ ದಾರಿಯಿಲ್ಲದೆ ನನ್ನ ಬಳಿಗೇ ತಂದಳು. ನಾನು ಬಾಯಿ ತೆರೆಯುವುದರೊಳಗೆ ಮೆಲ್ಲಗೆ ಅಂದಳು:

“ಅದರಾಗೆ ಬರೆದದ್ದಷ್ಟೇ ಹೇಳಿ ಮಾಸ್ತರೆ.”

ಹೇಳಿದೆ. ಎರಡೇ ಮಾತಿನಲ್ಲಿ ಮುಗಿದುಹೋಯಿತು. ಒಂದು ಕಾಗದ ಇಷ್ಟು ಚಿಕ್ಕದಾಗಿರುತ್ತದೆಂದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ.